ಸದ್ದಿಲ್ಲದ ಬೈಗುಳ

ನಮ್ಮ ಅತ್ತೆ ರಾಹೇಲವ್ವನವರ ಬಾಯಿ ಬನಹಟ್ಟಿಯ ಅರ್ಧ ಊರಿಗೆ ಗೊತ್ತು. ಉಳಿದರ್ಧಕ್ಕೆ ಗೊತ್ತಿಲ್ಲವೆಂದರೆ ಅವರು ಆ ಓಣಿಗಳಿಗೆ ಇನ್ನೂ ಹೋಗಿಲ್ಲ ಎಂದಷ್ಟೇ ಅರ್ಥ. ಸೊಸೆಯಾದವಳು ಇದನ್ನೆಲ್ಲ ಹೇಳಬಾರದು, ಒಪ್ಪುತ್ತೇನೆ. ಆದರೆ ನಾನು ಸುಮ್ಮನಿದ್ದರೆ ಪಾಂಡಪ್ಪನವರ ಶೆಡ್ಡಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ, ಅದೂ ಉಪ್ಪು ಖಾರ ಹಚ್ಚಿ.

ಪಾಂಡಪ್ಪನವರದು ರಬಕವಿ ರಸ್ತೆಗೆ ಹೊಂದಿಕೊಂಡ ಪವರ್‌ಲೂಮ್ ಶೆಡ್ಡು. ಅತ್ತೆ ಅಲ್ಲಿ ಎರಡು ಮಗ್ಗ ನೋಡಿಕೊಳ್ಳುತ್ತಾರೆ. ನಾನು ಮೂಲೆಯಲ್ಲಿ ಕೂತು ಕಂಡಿಕೆ ಸುತ್ತುತ್ತೇನೆ, ಅಂದರೆ ಲಾಳಿಯೊಳಗೆ ಕೂರುವ ಸಣ್ಣ ಕೊಳವೆಗೆ ನೂಲು ತುಂಬುವ ಕೆಲಸ. ಮಗ್ಗಗಳೆಲ್ಲ ಒಟ್ಟಿಗೆ ಶುರುವಾದವೆಂದರೆ ಪಕ್ಕದಲ್ಲಿ ಪಟಾಕಿ ಹೊಡೆದರೂ ಕೇಳಿಸದು. ಹಾಗಂತ ಮಾತು ನಿಲ್ಲುತ್ತದೆಯೇ? ಇಲ್ಲಿಯ ಜನ ತುಟಿ ನೋಡಿ ಮಾತು ತಿಳಿಯುತ್ತಾರೆ. ಈ ಗೋಡೆಯ ಕಡೆ ಒಬ್ಬರು ಬಾಯಿ ಆಡಿಸಿದರೆ ಸಾಕು, ಮನೆಗೆ ಬಂದ ಬೀಗರ ಸುದ್ದಿ, ಸಂತೆಯ ಬದನೆಕಾಯಿಯ ಹುಳುಕು, ಎಲ್ಲವೂ ಆ ಗೋಡೆಗೆ ಹೋಗಿ ಮುಟ್ಟುತ್ತದೆ. ನಾನು ಬೀಳಗಿಯವಳು. ನಮ್ಮಲ್ಲಿ ಜನ ಕಿವಿಯಿಂದ ಕೇಳುತ್ತಾರೆ. ಈ ವಿದ್ಯೆ ನನಗೆ ಹತ್ತಲು ಬಹಳ ಕಾಲ ಹಿಡಿಯಿತು.

ಅತ್ತೆಗೆ ಮಾತ್ರ ಬರೀ ತುಟಿ ಸಾಲುತ್ತಿರಲಿಲ್ಲ. ಬೈದರೆ ದನಿ ತೆಗೆದೇ ಬೈಯಬೇಕು. ಎಳೆ ಹರಿದರೆ ಎಳೆಗೆ, ಲಾಳಿ ಸಿಕ್ಕಿಕೊಂಡರೆ ಲಾಳಿಗೆ, ನೂಲು ಕೆಟ್ಟದಿದ್ದರೆ ಮಾರಿದವನಿಗೆ. ಒಮ್ಮೆ ಬೈಗುಳದ ನಡುವೆಯೇ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಮ್ಮೆಲೇ ಗಪ್ಪಾದವು. "ಹೊಲಸ ನೂಲ ಕೊಟ್ಟಾನ, ಅವನ ಹೆಣಾ ಎತ್ಲಿ" ಎಂಬ ಮಾತು ತಗಡಿನ ಮಾಡಿಗೆ ಬಡಿದು ತಿರುಗಿ ಬಂತು. ಬಾಗಿಲಲ್ಲಿ ನಿಂತವರು ಇಬ್ಬರು. ಒಬ್ಬ ನೂಲಿನ ವ್ಯಾಪಾರಿ. ಇನ್ನೊಬ್ಬರು ನಮ್ಮ ಸಭೆಯ, ಅಂದರೆ ಚರ್ಚಿನ, ಪಾಸ್ಟರ್, ಮನೆ ಪ್ರಾರ್ಥನೆ ಯಾವತ್ತು ಇಟ್ಟುಕೊಳ್ಳೋಣ ಎಂದು ಕೇಳಲು ಬಂದವರು. ಪಾಸ್ಟರ್ ಕೈ ಮುಗಿದು, ಆಮೇಲೆ ಬರುತ್ತೇನೆ ಎಂದು ಹೋದರು.

ಹೊಸ ವರ್ಷದ ಬೆಳಿಗ್ಗೆ ನಮ್ಮ ಸಭೆಯಲ್ಲಿ ಒಂದು ರೂಢಿಯಿದೆ. ಆರಾಧನೆ ಮುಗಿದ ಮೇಲೆ ತಟ್ಟೆಯಲ್ಲಿ ಬೈಬಲ್ ವಾಕ್ಯದ ಚೀಟಿಗಳನ್ನು ತರುತ್ತಾರೆ, ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳಬೇಕು. ವರ್ಷವಿಡೀ ನಮಗೆ ಅದೇ ವಾಕ್ಯ. ನನಗೆ ಸಮಾಧಾನದ ಮಾತೊಂದು ಬಂತು, ಆರಾಮಾಗಿ ಕೂತೆ. ಅತ್ತೆಗೆ ಬಂದದ್ದು ಬಾಯಿಗೆ ಕಾವಲು ಬೇಡುವ ಮಾತು. ಓದಿದ ಕೂಡಲೇ ಎದ್ದು ನಿಂತರು.

"ಪಾಸ್ಟರ, ಇದ ಮತ್ಯಾರದೋ ನನಗ ಬಂದೈತ್ರಿ. ಇನ್ನೊಂದ ತಗೋತೇನಿ."

"ಬರೋಬ್ಬರಿ ನಿಮ್ದ ಐತ್ರಿ ರಾಹೇಲವ್ವಾರ," ಎಂದರು ಪಾಸ್ಟರ್.

ಸಭೆಯೆಲ್ಲ ನಕ್ಕಿತು. ಅತ್ತೆ ನಗಲಿಲ್ಲ. ಮನೆಗೆ ಬಂದು ಚೀಟಿಯನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿ, ಅದರ ಮುಂದೆ ಬಹಳ ಹೊತ್ತು ನಿಂತರು. ಬಾಯಿ ಎಷ್ಟೇ ಹರಿತವಿರಲಿ, ಅವರ ದೇವರ ಭಯದಲ್ಲಿ ಸುಳ್ಳಿಲ್ಲ. ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಮರುದಿನದಿಂದ ಶೆಡ್ಡಿನಲ್ಲಿ ಅವರ ದನಿ ನಿಂತಿತು. ತುಟಿ ಮಾತ್ರ ನಿಲ್ಲಲಿಲ್ಲ. ಎಳೆ ಹರಿದಾಗಲೆಲ್ಲ ಕಾಳು ಮೇಯುವ ಕೋಳಿಯ ಹಾಗೆ ಟಕಟಕ ಆಡುತ್ತಿತ್ತು. ಊಟದ ಬಿಡುವಿನಲ್ಲಿ ನಾನು ಕೇಳಿಯೇಬಿಟ್ಟೆ.

"ಅತ್ತಿ, ಬೈಯಾಕತ್ತಿದ್ರೇನ್ರಿ?"

"ಸಪ್ಪಳ ಬಂತೇನ?"

"ಇಲ್ಲರಿ."

"ಮತ್ತ? ಸಪ್ಪಳಿಲ್ಲದ್ದ ಬೈಗಳ ಹೆಂಗಾಕ್ಕೈತಿ? ದೇವರಿಗೂ ತ್ರಾಸಿಲ್ಲ, ಮಂದಿಗೂ ತ್ರಾಸಿಲ್ಲ."

ಈ ಸಿದ್ಧಾಂತವನ್ನು ಪಾಸ್ಟರ್ ಮುಂದೆ ಇಡುವ ಧೈರ್ಯ ಅವರಿಗಿರಲಿಲ್ಲ ಎನ್ನುವುದು ಬೇರೆ ಮಾತು. ತಾವು ಬೈಯುತ್ತಿರುವುದು ತುಟಿ ಓದುವವರೇ ತುಂಬಿದ ಶೆಡ್ಡಿನಲ್ಲಿ ಎನ್ನುವುದು ಕೂಡ ಅವರ ತಲೆಗೆ ಬರಲಿಲ್ಲ.

ಅತ್ತೆಯ ಎದುರಿನ ಎರಡು ಮಗ್ಗ ದಾನಮ್ಮನವರದು. ಇಬ್ಬರೂ ಮದುವೆಯಾಗಿ ಬಂದ ಹೊಸದರಿಂದ ಎದುರುಬದುರು ನಿಂತು ನೇಯ್ದವರು. ಒಬ್ಬರು ವಿಭೂತಿ ಹಚ್ಚುತ್ತಾರೆ, ಒಬ್ಬರು ಭಾನುವಾರ ಸಭೆಗೆ ಹೋಗುತ್ತಾರೆ. ಅದರಿಂದ ರೊಟ್ಟಿ ಬುತ್ತಿಗೆ ಏನೂ ತೊಂದರೆಯಾಗಿಲ್ಲ. ಇವರ ಶೇಂಗಾ ಚಟ್ನಿ ಅವರಿಗೆ, ಅವರ ಹಿಂಡಿ ಪಲ್ಯ ಇವರಿಗೆ. "ಏನ ಬೇ ರಾಹೇಲಿ", "ಏನ ಬೇ ದಾನಿ" ಎಂದು ಶುರುವಾದರೆ ಬೈಗುಳ ಯಾವುದು, ಪ್ರೀತಿ ಯಾವುದು ಎಂದು ನನಗೆ ಇವತ್ತಿಗೂ ಬಿಡಿಸಲು ಬಂದಿಲ್ಲ.

ದಾನಮ್ಮನವರ ಕಣ್ಣು ಮಂಜಾಗುತ್ತಾ ಬಂದಿತ್ತು, ಎರಡಕ್ಕೂ ಪೊರೆ. ಆಪರೇಶನ್ ಅಂದರೆ ಅವರಿಗೆ ಜೀವಭಯ. ಮಾಲಕರಿಗೆ ಗೊತ್ತಾದರೆ ಮಗ್ಗ ಬಿಡಿಸುತ್ತಾರೆ ಎನ್ನುವುದು ಅದಕ್ಕಿಂತ ದೊಡ್ಡ ಭಯ. ಒಂದು ದಿನ ನನ್ನ ಎದುರಿಗೇ ಅತ್ತೆಯ ಕೈ ಹಿಡಿದುಕೊಂಡರು.

"ಯಾರ ಮುಂದೂ ಬಾಯಿ ಬಿಡಬ್ಯಾಡ ಬೇ. ಆಣಿ ಹಾಕ."

"ನಾವ ಆಣಿ ಹಾಕಂಗಿಲ್ಲ. ಹೂಂ ಅಂದ್ರ ಹೂಂ. ಅದಕಿಂತ ದೊಡ್ಡದು ನನ್ನ ಕಡೆ ಏನಿಲ್ಲ."

ಅಲ್ಲಿಂದ ಅತ್ತೆಗೆ ಎರಡಲ್ಲ, ನಾಲ್ಕು ಮಗ್ಗ. ದಾನಮ್ಮನವರ ಮಗ್ಗದಲ್ಲಿ ಎಳೆ ಹರಿದರೆ ನೀರು ಕುಡಿಯುವ ನೆಪ ಮಾಡಿ ಆ ಕಡೆ ಹೋಗಿ ಗಂಟು ಹಾಕಿ ಬರುತ್ತಿದ್ದರು. ಅಷ್ಟು ನೀರು ಯಾಕೆ ಕುಡಿಯುತ್ತಾಳೆ ಎಂದು ಬೇರೆಯವರು ಚಿಂತೆ ಮಾಡತೊಡಗಿದ್ದರು.

ಹೀಗೇ ನಡೆದಿದ್ದರೆ ಚೆನ್ನಾಗಿತ್ತು. ಆದರೆ ಒಂದು ಮಧ್ಯಾಹ್ನ ಅತ್ತೆಯ ಮಗ್ಗದಲ್ಲಿ ಲಾಳಿ ಸಿಕ್ಕಿಕೊಂಡು, ಅದನ್ನು ಬಿಡಿಸುವಷ್ಟರಲ್ಲಿ ದಾನಮ್ಮನವರ ಮಗ್ಗದ ಮೇಲಿನ ಸೀರೆಯ ಉದ್ದಕ್ಕೂ ಹರಿದ ಎಳೆಯ ಗೆರೆ ಓಡಿತ್ತು. ಅತ್ತೆ ನೋಡಿದರು. ತುಟಿ ಶುರುವಾಯಿತು. ಕುರುಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಶನ್ ಮಾಡಿಸಿಕೊ ಎಂದರೆ ಕೇಳುವುದಿಲ್ಲ, ಎಷ್ಟು ದಿನ ನಿನ್ನ ಕಣ್ಣಾಗಿ ನಾನು ಸಾಯಲಿ. ಸಪ್ಪಳವೇ ಇಲ್ಲ. ಎದುರಿಗಿದ್ದ ದಾನಮ್ಮನವರಿಗೆ ಅದು ಕಾಣಿಸಲೂ ಇಲ್ಲ, ಪಾಪ, ಅವರ ಕಣ್ಣಿಗೆ ಅತ್ತೆಯ ಮುಖ ಬರೀ ಮಂಜು. ಕಾಣಿಸಿದ್ದು ಅವರ ಹಿಂದೆ ಬಾಗಿಲಲ್ಲಿ ನಿಂತಿದ್ದ ಪಾಂಡಪ್ಪನವರಿಗೆ. ಹುಟ್ಟಿದಾಗಿಂದ ಮಗ್ಗದ ಸದ್ದಿನಲ್ಲೇ ಬೆಳೆದ ಮನುಷ್ಯ, ಒಂದಕ್ಷರ ಬಿಡದೆ ಓದಿಕೊಂಡರು.

ಪಾಂಡಪ್ಪನವರು ಕೆಟ್ಟವರಲ್ಲ. ಸಂಜೆ ಮಗ್ಗ ನಿಂತ ಮೇಲೆ ಮೆತ್ತಗೇ ಹೇಳಿದರು. "ದಾನಮ್ಮ, ಲಾಳಿ ಮುಂದ ಕೈ ಇಡೂ ಕೆಲಸ ಇದು. ಕಣ್ಣ ಕಾಣದಾಕಿನ ನಾ ಹೆಂಗ ನಿಲ್ಲಸ್ಲಿ? ಮನ್ಯಾಗ ಕುಂದ್ರವಾ."

"ಯಾರ ಹೇಳಿದ್ರಿ ನಿಮಗ?"

"ರಾಹೇಲವ್ವ ನಿನಗ ಕುರುಡಿ ಅಂದಳಲ್ಲ, ಇಡೀ ಶೆಡ್ಡಿನ್ಯಾಗ ನಿಂತು."

ದಾನಮ್ಮನವರು ಬುತ್ತಿ ಗಂಟು ಎತ್ತಿಕೊಂಡರು. ಅತ್ತೆಯ ಮುಂದೆ ಬಂದು ನಿಂತರು. ಬೈಯುತ್ತಾರೆ ಎಂದುಕೊಂಡೆವು. ಬೈಯಲಿಲ್ಲ. "ಬರ್ತೇನ್ರಿ ರಾಹೇಲವ್ವಾರ" ಎಂದಷ್ಟೇ ಹೇಳಿ ಹೋದರು. ಇಷ್ಟು ವರ್ಷದ 'ಬೇ' ಹೋಗಿ 'ರೀ' ಬಂದಿತ್ತು.

ಆ ಭಾನುವಾರ ಸಭೆಯಲ್ಲಿ ಕರ್ತನ ಭೋಜನವಿತ್ತು, ಅಂದರೆ ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ ಹಂಚಿಕೊಳ್ಳುವುದು; ಮನಸ್ಸಿನಲ್ಲಿ ತಪ್ಪು ಇಟ್ಟುಕೊಂಡು ಅದನ್ನು ಮುಟ್ಟಬಾರದು. ರೊಟ್ಟಿಯ ತಟ್ಟೆ ಹತ್ತಿರ ಬಂದಾಗ ಅತ್ತೆ ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು ತಲೆ ತಗ್ಗಿಸಿದರು. ಹೊರಗೆ ಬಂದ ಮೇಲೆ ಪಾಸ್ಟರ್ ಕೇಳಿದಾಗ ತಮ್ಮ ಸಿದ್ಧಾಂತ ಸಮೇತ ಎಲ್ಲವನ್ನೂ ಒಪ್ಪಿಸಿದರು.

"ಬಾಯಿಗೆ ಕಾವಲ ಹಾಕಿದ್ನಿರಿ. ಒಳಗ ಮನಸ ಹಂಗ ಇತ್ತು. ಹೂಂ ಅಂದ ಮಾತ ಉಳಸಲಿಲ್ಲ ನಾ," ಎಂದು ಅತ್ತರು. ನಮ್ಮ ಅತ್ತೆ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಕಣ್ಣಲ್ಲೂ ನೀರು ಬಂತು.

"ಮೊದಲ ಅವರ ಮನಿಗೆ ಹೋಗಿ ಬರ್ರಿ," ಎಂದರು ಪಾಸ್ಟರ್.

ಹೋದೆವು. ನಮ್ಮನ್ನು ನೋಡಿ ಬಾಗಿಲು ಹಾಕಿಕೊಂಡಿದ್ದರೇ ಒಳ್ಳೆಯದಿತ್ತು. ದಾನಮ್ಮನವರು ಚಾಪೆ ಹಾಸಿದರು. "ಬರ್ರಿ, ಕುಂದರ್ರಿ, ಚಾ ತಗೋರಿ, ಮನ್ಯಾಗ ಎಲ್ಲಾರೂ ಆರಾಮ ಅದಾರಲ್ರಿ" ಎಂದು ಲೋಕಾಪುರದಿಂದ ಬಂದ ಬೀಗರನ್ನು ಉಪಚರಿಸುವ ಹಾಗೆ ಉಪಚರಿಸಿದರು. ಅತ್ತೆ ತಪ್ಪಾಯಿತೆಂದರೆ "ಅದರಾಗೇನೈತ್ರಿ, ಬಿಡ್ರಿ" ಎಂದರು. ಅಷ್ಟು ಮರ್ಯಾದೆಯನ್ನು ನಮ್ಮ ಅತ್ತೆ ಜೀವಮಾನದಲ್ಲಿ ಉಂಡಿರಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಹೆಸರು ಹಿಡಿದು ಒಂದೇ ಮಾತು. "ಎರಡ ಬಡದಿದ್ರ ಛಲೋ ಆಕ್ಕಿತ್ತು, ನಂದಾ."

ಮರುದಿನ ಪಾಂಡಪ್ಪನವರ ಮುಂದೆ ಹೋಗಿ ನಿಂತರು. ದಾನಿಯ ಮಗ್ಗ ಬೇರೆ ಯಾರಿಗೂ ಕೊಡಬೇಡಿ, ಅವಳು ಕಣ್ಣು ಮಾಡಿಸಿಕೊಂಡು ಬರುವ ತನಕ ನಾನೇ ನಡೆಸುತ್ತೇನೆ, ಆ ಮಗ್ಗದ ಪಗಾರ ಅವಳಿಗೇ ಹೋಗಲಿ ಎಂದರು. ಪಾಂಡಪ್ಪನವರು ಗಲ್ಲ ಕೆರೆದುಕೊಂಡರು.

"ನಾಕ ಮಗ್ಗ ನಡಸ್ತಿ, ಖರೆ. ಬಾಯಿ ಹೆಂಗ ಮಾಡ್ತಿ?"

ಅತ್ತೆ ಸೆರಗಿನ ಗಂಟು ಬಿಚ್ಚಿ ಲವಂಗ ತೋರಿಸಿದರು. ಸಿಟ್ಟು ಬಂದ ತಕ್ಷಣ ಒಂದನ್ನು ಹಲ್ಲಿನ ನಡುವೆ ಕಚ್ಚಿ ಹಿಡಿಯುವುದು, ಅದರ ಖಾರ ಇಳಿಯುವಷ್ಟರಲ್ಲಿ ಸಿಟ್ಟೂ ಇಳಿಯುತ್ತದೆ ಎನ್ನುವ ಲೆಕ್ಕಾಚಾರ. ಮೊದಮೊದಲು ನಮ್ಮ ಮನೆಯಲ್ಲಿ ಪಲಾವಿಗೆ ಲವಂಗ ಸಿಗದಂತಾಯಿತು. ಶೆಡ್ಡಿನ ಹೆಂಗಸರು ಬೇಕಂತಲೇ ಕೆಣಕುವರು. ಅತ್ತೆ ಲವಂಗ ಕಚ್ಚಿ, ಕಣ್ಣು ಕೆಂಪಗೆ ಮಾಡಿಕೊಂಡು, ನಗುವರು. ನೋಡಲು ಬೈಗುಳಕ್ಕಿಂತ ಭಯವಾಗುತ್ತಿತ್ತು. ಬರಬರುತ್ತಾ ಗಂಟು ಬಿಚ್ಚುವುದು ಕಡಿಮೆಯಾಯಿತು. ನೂಲಿನ ವ್ಯಾಪಾರಿ ಬಂದರೆ ನೀರು ಕೊಟ್ಟು ಕೂರಿಸತೊಡಗಿದರು. ಅವನು ಹೆದರಿ ಒಳ್ಳೆಯ ನೂಲು ಕೊಡತೊಡಗಿದ.

ಆದರೂ ದಾನಮ್ಮನವರ ಮಗ್ಗದ ಹತ್ತಿರ ನಿಂತಾಗ ಅವರ ತುಟಿ ಆಡುವುದು ನನಗೆ ಕಾಣುತ್ತಿತ್ತು. ಮತ್ತೆ ಶುರುವಾಯಿತಲ್ಲ ಎಂದುಕೊಂಡು ಕೇಳಿದರೆ "ನಿನಗ್ಯಾಕ ಬೇಕವಾ, ಕಂಡಿಕಿ ಸುತ್ತ" ಎನ್ನುವರು.

ಮಗ್ಗ ತಮಗಾಗಿ ಕಾದಿದೆ ಎಂದು ಪಾಂಡಪ್ಪನವರೇ ಹೋಗಿ ಹೇಳಿದ ಮೇಲೆ ದಾನಮ್ಮನವರು ಆಪರೇಶನ್ನಿಗೆ ಹೂಂ ಎಂದರು. ಮುಧೋಳದ ಕಣ್ಣಿನ ಆಸ್ಪತ್ರೆಗೆ ಅವರನ್ನು ಕರೆದುಕೊಂಡು ಹೋದವಳು ನಾನು. ಅತ್ತೆ ನಮ್ಮ ಬೆನ್ನಿಗೇ ಹೊರಟ ಇನ್ನೊಂದು ಬಸ್ಸಿಗೆ ಬಂದು ಆಸ್ಪತ್ರೆಯ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದರು. ಅವರು ಪ್ರಾರ್ಥನೆ ಮಾಡುತ್ತಿದ್ದುದು ತಿಳಿಯದ ಅಂಗಡಿಯವನು, ಮುದುಕಿಗೆ ಜಡ್ಡೆಂದುಕೊಂಡು ಎರಡು ಸಲ ನೀರು ಕೊಟ್ಟನಂತೆ. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದ ದಾನಮ್ಮನವರಿಗೆ ನಾನು ಅತ್ತೆಯ ಸುದ್ದಿ ಎತ್ತಲಿಲ್ಲ, ಹಾಗೆ ಎತ್ತಬಾರದೆಂದು ಅತ್ತೆಯದೇ ಅಪ್ಪಣೆಯಾಗಿತ್ತು.

ಇನ್ನೊಂದು ಕಣ್ಣಿನದೂ ಮುಗಿದು, ಡಾಕ್ಟರು ಒಪ್ಪಿದ ಮೇಲೆ, ಒಂದು ಬೆಳಿಗ್ಗೆ ದಾನಮ್ಮನವರು ಕಪ್ಪು ಕನ್ನಡಕ ಹಾಕಿಕೊಂಡು ಶೆಡ್ಡಿಗೆ ಬಂದರು. ತಮ್ಮ ಮಗ್ಗದ ಸೀರೆಯ ಮೇಲೆ ಕೈಯಾಡಿಸಿದರು. ಯಾರು ನೇಯ್ದದ್ದು ಎಂದು ಕೇಳಲಿಲ್ಲ. ಅತ್ತೆಯ ಕಡೆ ನೋಡಲೂ ಇಲ್ಲ. ಅತ್ತೆ ಸುಮ್ಮನೆ ಈಚೆ ಬಂದು ತಮ್ಮ ಎರಡು ಮಗ್ಗದ ಮುಂದೆ ನಿಂತರು.

ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ದಾನಮ್ಮನವರು ಕನ್ನಡಕ ತೆಗೆದು ಹಣೆಯ ಮೇಲಿಟ್ಟರು. ಎದುರಿಗೆ ಅತ್ತೆ ಎಂದಿನ ರೂಢಿಯಂತೆ ಆ ಮಗ್ಗದ ಕಡೆ ನೋಡುತ್ತಾ ತುಟಿ ಆಡಿಸುತ್ತಿದ್ದರು. ದಾನಿಗೆ ಕಾಣುವುದಿಲ್ಲ ಎನ್ನುವುದು ಅವರಿಗೆ ಅಷ್ಟು ರೂಢಿಯಾಗಿಬಿಟ್ಟಿತ್ತು. ಅಷ್ಟರಲ್ಲಿ ನನಗೂ ತುಟಿ ಓದುವುದು ಬಂದಿತ್ತು. ಓದಿದೆ.

"ಸ್ವಾಮಿ, ದಾನಿ ಕಣ್ಣ ನೆಟ್ಟಗಿಡಪಾ. ದಾನಿ, ತಪ್ಪಾತ ಬೇ. ಹೂಂ ಅಂದ ಮಾತ ಮುರದೆ. ಸಿಟ್ಟಿದ್ರ ಇರ್ಲಿ, ನನ್ನ ಬಿಡಬ್ಯಾಡ ಬೇ."

ಇಷ್ಟು ದಿನ ದಾನಮ್ಮನವರಿಲ್ಲದ ಆ ಖಾಲಿ ಜಾಗಕ್ಕೆ ಅತ್ತೆ ಹೇಳುತ್ತಾ ಬಂದದ್ದು ಇದನ್ನೇ.

ದಾನಮ್ಮನವರು ನೋಡಿದರು, ಪೂರ್ತಿ ನೋಡಿದರು. ಆಮೇಲೆ ಅವರ ತುಟಿಯೂ ಆಡಿತು. "ಬಾಯಿ ಸಾಕ ಮಾಡ ಬೇ ರಾಹೇಲಿ. ನಿನ್ನ ಮಗ್ಗದಾಗ ಎಳಿ ಹರದೈತಿ, ನೋಡ."

ಅತ್ತೆ ಬೆಚ್ಚಿ ಕೆಳಗೆ ನೋಡಿದರು. ನಿಜವಾಗಿಯೂ ಎಳೆ ಹರಿದಿತ್ತು, ಸೀರೆಯ ಮೇಲೆ ಗೆರೆ ಓಡುತ್ತಿತ್ತು. ಸರಿಯಾಗಿ ಆಗಲೇ ಕರೆಂಟು ಹೋಯಿತು. ಶೆಡ್ಡು ಗಪ್ಪಾಯಿತು. ಎಲ್ಲರೂ ಅವರಿಬ್ಬರ ಕಡೆ ತಿರುಗಿದರು.

"ಈಗ ಯಾರ ಬೇ ಕುರುಡಿ?" ಎಂದರು ದಾನಮ್ಮನವರು ದನಿ ತೆಗೆದು.

ಅತ್ತೆಯ ಕೈ ಲವಂಗದ ಗಂಟಿಗೆ ಹೋಗಲಿಲ್ಲ. ಎರಡೂ ಕಣ್ಣಿಂದ ನೀರು ಇಳಿಯುತ್ತಿದ್ದರೂ ನಗುತ್ತಿದ್ದರು.

"ನಾನ ಬೇ," ಎಂದರು, ಬಾಗಿಲಲ್ಲಿದ್ದ ಪಾಂಡಪ್ಪನವರಿಗೂ ಕೇಳುವ ಹಾಗೆ.