ನಜಮುನ್ನಿಸಾಳ ರೋಲಿಫ್ಲೆಕ್ಸ್

ಆಳಂದದಲ್ಲಿ ಪರದೆಯೊಳಗಿನ ಗೋಷಾ ಹೆಂಗಸರ ಫೋಟೊ ತೆಗೆಯುವವಳು ನಜಮುನ್ನಿಸಾ ಒಬ್ಬಳೇ. ಗಂಡ ಮುರ್ತುಜಾನದು ಫೋಟೊ ಅಂಗಡಿ. ಹೆಂಗಸರಿರುವ ಜನಾನಾದೊಳಗೆ ತಾನು ಕಾಲಿಡುವಂತಿಲ್ಲವೆಂದು ಫೋಟೊ ತೆಗೆಯುವುದನ್ನು ಹೆಂಡತಿಗೇ ಕಲಿಸಿದ್ದ.

ಅವನ ಕೈಗೆ ಒಗ್ಗಿದ್ದು ಥಾರ್ನ್‌ಟನ್ ಪಿಕಾರ್ಡ್ ಎಂಬ ಮರದ ಕ್ಯಾಮೆರಾ. ಅದನ್ನು ನಿಲ್ಲಿಸುವ ಮೂರುಕಾಲಿನ ತಿಪಾಯಿ, ಗಾಜಿನ ಪ್ಲೇಟಿನ ಪೆಟ್ಟಿಗೆ ಸೇರಿದರೆ ಒಬ್ಬಾಳಿನ ಹೊರೆ. ಅದರ ಕರಿ ಬಟ್ಟೆಯೊಳಗೆ ಅವಳು ತಲೆ ತೂರಿಸಿದಳೆಂದರೆ ಎದುರಿನ ಹೆಂಗಸರ ಮುಖ ಬಿಗಿಯುತ್ತಿತ್ತು, ಕೂಸುಗಳು ಚೀರುತ್ತಿದ್ದವು. ಹೈದರಾಬಾದಿನಲ್ಲಿ ಹಳೆಯ ಜರ್ಮನ್ ರೋಲಿಫ್ಲೆಕ್ಸ್ ಎಂಬ ಪುಟ್ಟ ಕ್ಯಾಮೆರಾ ಸಿಕ್ಕ ಮೇಲೆ ಅವಳು ಮರದ್ದನ್ನು ಮುಟ್ಟಲಿಲ್ಲ. ಹೊಟ್ಟೆಯ ಹತ್ತಿರ ಹಿಡಿದು ಮೇಲಿನಿಂದ ಬಗ್ಗಿ ನೋಡಿದರಾಯಿತು. ಮಾತಾಡುತ್ತಲೇ ಗುಂಡಿ ಒತ್ತುತ್ತಿದ್ದಳು.

"ದೊಡ್ಡ ಪ್ಲೇಟಿನ್ಯಾಗ ಮೀಸಿ ಎಳಿ ಎಳಿ ಕಾಣ್ತದ ಬೇ," ಅನ್ನುತ್ತಿದ್ದ ಮುರ್ತುಜಾ.

"ನಗು ಕಾಣಂಗಿಲ್ಲಲ್ರಿ!"

ಸಾವಿರದ ಒಂಬೈನೂರ ನಲವತ್ತೆಂಟರ ಮಳೆಗಾಲದಲ್ಲಿ ಅಫಜಲಪುರದ ಕಡೆಯಿಂದ ಒಂದು ಮನೆತನದವರು ಫೋಟೊಗೆ ಕರೆದರು. ಹೈದರಾಬಾದ್ ಸಂಸ್ಥಾನಕ್ಕೆ ಭಾರತದ ದಂಡು ನುಗ್ಗಿ, ಊರೂರಲ್ಲಿ ಮುಸಲ್ಮಾನರ ಮೇಲೆ ಗಲಾಟೆ ಎದ್ದಿತ್ತು.

"ಹೋಗಲೇಬೇಕಂದ್ರ ನನ್ನದು ಒಯ್ಯಿರಿ. ಕೊರಳಾಗ ಹಾಕ್ಕೊಂಡು ಓಡಬಹುದು," ಅಂದಳು ನಜಮುನ್ನಿಸಾ.

"ನಾ ಯಾಕ ಓಡ್ಲಿ? ಫೋಟೊ ತೆಗಿಯವನ ಮ್ಯಾಲೆ ಯಾರಿಗಿ ಸಿಟ್ಟು?" ನಕ್ಕು, ಮರದ ಕ್ಯಾಮೆರಾ ಹೇರಿ ಬಂಡಿ ಹತ್ತಿದ.

ಬಂಡಿ ಹೊಡೆಯುವ ಮಾಳಿಂಗಪ್ಪ ಒಬ್ಬನೇ ನಡೆದುಕೊಂಡು ಮರಳಿದ. ಹೊಸ್ತಿಲಲ್ಲೇ ಕುಸಿದು ಕೂತ.

"ಗುಂಪು ಬಂತವ್ವಾ. ಇಬ್ರೂ ತೊಗರಿ ಹೊಲದಾಗ ಅಡಗಿದ್ವಿ. ಕ್ಯಾಮೆರಾ ಬಂಡ್ಯಾಗ ಉಳೀತು ಅಂತ ಎದ್ದು ಹೋದ್ರು. ಕೈ ಹಿಡದು ಜಗ್ಗೀನಿ, ಕೇಳ್ಲಿಲ್ಲ."

ಮಣ್ಣು ಕೊಡಲು ಮುರ್ತುಜಾನ ಮಯ್ಯತ್ತೂ ಮನೆಗೆ ಬರಲಿಲ್ಲ.

ಅವಳು ಗಂಡ ಸತ್ತವರ ನಾಲ್ಕು ತಿಂಗಳ ಇದ್ದತ್ತಿನಲ್ಲಿ ಕೂತಿದ್ದಾಗ ಪಕ್ಕದ ಓಣಿಯ ಖಾಸೀಂಬಿ ಬಂದಳು. ಮಗಳ ನಿಕಾಹದ ಫೋಟೊಗಳು ಇನ್ನೂ ಕ್ಯಾಮೆರಾದೊಳಗೇ ಇದ್ದವು. ಕ್ಯಾಮೆರಾದ ಕಡೆ ನೋಡಿ ಕೇಳಿದಳು: "ನಮ್ಮ ಹುಡುಗಿ ನಕ್ಕಾಳೇನ್ರಿ ಅದರಾಗ?"

"ನಕ್ಕಾಳ. ತೊಳಿಯವ್ರೇ ಇಲ್ಲ ಈಗ."

ಫಿಲ್ಮು ತೊಳೆಯುವುದನ್ನು ಅವಳು ಕಲಿತಿರಲಿಲ್ಲ, ಕತ್ತಲಕೋಣೆ ಮುರ್ತುಜಾನದಾಗಿತ್ತು.

"ಗುಲಬರ್ಗಾದಾಗ ಯಾರರೆ..."

"ಪರಗಂಡಸರ ಕೈಯಾಗ ಹೆಂಗ ಕೊಡ್ಲಿ? ನಮ್ಮವ್ರು ಮುಖ ನೋಡ್ತಿದ್ದಿಲ್ಲ ಖಾಸೀಂಬಿ, ಬೆಳಕು ನೋಡ್ತಿದ್ರು."

ನಜಮುನ್ನಿಸಾ ಎದ್ದು ಕ್ಯಾಮೆರಾದ ಬೆನ್ನು ತೆರೆದು, ಫಿಲ್ಮನ್ನು ಅಂಗಳದ ಬಿಸಿಲಿಗೆ ಎಳೆದಳು. ಬೆಳಕು ತಾಗಿದ್ದೇ ಅದರೊಳಗಿನ ಮುಖಗಳೆಲ್ಲ ಅಳಿದವು, ಇನ್ನು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಖಾಸೀಂಬಿ ಸೆರಗು ಬಾಯಿಗೊತ್ತಿಕೊಂಡು ಅವಳ ಬೆನ್ನ ಮೇಲೆ ಕೈಯಿಟ್ಟಳು.