ಕರಡಿಗೆ ಮೂರು ಜೀವ

ಮಕ್ಕಳ ವಾರ್ಡಿನಲ್ಲಿ ಅವಳನ್ನು ಎಲ್ಲರೂ ಕರೆಯುವುದು ಆಟದಕ್ಕ ಎಂದೇ. ಹದಿನಾಲ್ಕು ವರ್ಷ ಅದೇ ವಾರ್ಡಿನ ನೆಲ ಒರೆಸಿದವಳು. ಒರೆಸುತ್ತಲೇ ಅಳುವ ಮಕ್ಕಳನ್ನು ನಗಿಸುತ್ತಿದ್ದುದನ್ನು ಕಂಡು ದೊಡ್ಡ ನರ್ಸಮ್ಮ ಅವಳ ಕೈಗೆ ಆಟ ತುಂಬಿದ ಟ್ಯಾಬ್ಲೆಟ್ ಕಂಪ್ಯೂಟರ್ ಕೊಟ್ಟರು. ಅದರೊಳಗೊಂದು ಕರಡಿಮರಿ. ಮಗು ಅದಕ್ಕೆ ಹಸಿರು ಅಂಗಿ ತೊಡಿಸಬೇಕು, ಗಾಲಿಮಂಚದಲ್ಲಿ ತಳ್ಳಬೇಕು, ಮೂಗಿಗೆ ಮಾಸ್ಕ್ ಹಿಡಿದು ಬಲೂನು ಊದಿಸಬೇಕು. ಮೂರನೇ ಬಲೂನಿಗೆ ಕರಡಿ ನಿದ್ದೆಹೋಗುತ್ತದೆ. ಅದನ್ನು ಆಡಿದ ಮಕ್ಕಳು ಆಪರೇಷನ್ ಕೋಣೆಗೆ ಅಷ್ಟಾಗಿ ಹೆದರುವುದಿಲ್ಲ.

ಆ ಬೆಳಗ್ಗೆ ಏಳು ವರ್ಷದ ಹುಡುಗಿಯೊಬ್ಬಳು ಮಂಚದ ಕಂಬಿ ಬಿಡಲೊಲ್ಲಳು. ಹೃದಯದಲ್ಲಿ ತೂತು. ಹೋದ ವಾರ ಅತ್ತು ಅತ್ತು ಉಗುರೆಲ್ಲ ನೀಲಿಯಾಗಿ ಆಪರೇಷನ್ ನಿಂತುಹೋಗಿತ್ತು. ಇನ್ನು ಮುಂದೂಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು.

"ನಿನ್ನೆ ಚೆನ್ನಾಗೇ ಆಡಿದ್ಲಲ್ಲಾ, ಇವತ್ತೇನಾಯ್ತೋ," ಅಮ್ಮ ಕೈ ಹಿಸುಕಿಕೊಂಡಳು.

"ಹತ್ತೇ ನಿಮಿಷ ಅಕ್ಕಾ. ಬೇಗ ಆಡ್ಸಿ," ಎಂದ ಗಾಲಿಮಂಚ ತಂದವನು.

"ನಿನ್ ಮಂಚಕ್ಕೇನು ರೆಕ್ಕೆ ಬಂದಿದ್ಯಾ? ನಿಲ್ಲು," ಎಂದಳು ಅಕ್ಕ.

ಅಕ್ಕ ಆಡಿಸಲಿಲ್ಲ. ಟ್ಯಾಬ್ಲೆಟ್ ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕುಳಿತಳು. ಹುಡುಗಿಯ ಉಸಿರು ಏರುತ್ತಿತ್ತು. ಐದು ನಿಮಿಷದ ಮೇಲೆ ಆ ಪುಟ್ಟ ಬೆರಳು ಪರದೆಯ ಮೂಲೆ ಮುಟ್ಟಿತು. ಅಲ್ಲಿ ಮೂರು ಕೆಂಪು ಹೃದಯಗಳು; ಆಟದಲ್ಲಿ ತಪ್ಪಿದಾಗಲೆಲ್ಲ ಒಂದೊಂದು ಅಳಿಯುತ್ತದೆ.

"ನಿನ್ನೆ ಮಾಸ್ಕ್ ಜಾರಿ ಕರಡೀದು ಒಂದು ಜೀವ ಹೋಯ್ತು. ಅದಕ್ಕೆ ಇನ್ನೂ ಎರಡಿತ್ತು. ನಂಗೆಷ್ಟಿದೆ?"

ಅಕ್ಕ ಆ ಮೂಲೆಗೆ ಬಗ್ಗಿ ನೋಡಿದಳು. ನೂರಾರು ಮಕ್ಕಳಿಗೆ ಆಡಿಸಿದ್ದಳು. ಆ ಹೃದಯಗಳ ಕಡೆ ಒಮ್ಮೆಯೂ ಗಮನ ಹೋಗಿರಲಿಲ್ಲ.

"ಹತ್ತಿದೆ ಚಿನ್ನಾ," ಎಂದುಬಿಟ್ಟಳು ಅಮ್ಮ.

ಅಕ್ಕ ಇಲ್ಲವೆಂದು ತಲೆಯಾಡಿಸಿದಳು. "ಒಂದೇ ಪುಟ್ಟಿ. ನಂಗೂ ಒಂದೇ, ಡಾಕ್ಟ್ರಿಗೂ ಒಂದೇ. ಅದಕ್ಕೇ ಒಳಗೆ ಯಾರೂ ಆಟ ಆಡಲ್ಲ. ಮಾಸ್ಕ್ ಜಾರದ ಹಾಗೆ ನೋಡ್ಕೊಳ್ಳೋಕೇ ಒಬ್ರು ಇರ್ತಾರೆ. ನಿನ್ ಪಕ್ಕ ಬಿಟ್ಟು ಕದಲಲ್ಲ."

"ಅವ್ರಿಗೆ ಉಚ್ಚೆ ಬಂದ್ರೆ?"

"ಇನ್ನೊಬ್ರನ್ನ ಕೂರಿಸಿ ಓಡ್ತಾರೆ."

ಹುಡುಗಿ ಯೋಚಿಸಿದಳು. ಕಂಬಿ ಬಿಟ್ಟಳು.

ಐದು ತಾಸು ಆಪರೇಷನ್ ಕೋಣೆಯ ಬಾಗಿಲು ತೆರೆಯಲಿಲ್ಲ. ಹೊರಗೆ ಅಕ್ಕ ಅಮ್ಮನ ಕೈ ಹಿಡಿದು ಕುಳಿತಿದ್ದಳು. ನೋಡದೇಹೋದ ತಪ್ಪು ನನ್ನದು, ಮಗುವಿನ ಮೇಲೆ ಹಾಕಬೇಡ ದೇವರೇ ಎಂದಷ್ಟೇ ಬೇಡಿದಳು. ಸಂಜೆ ಕಂಪ್ಯೂಟರಿನವನನ್ನು ಹಿಡಿದು ತಂದು ಆ ಮೂರು ಹೃದಯಗಳನ್ನು ಅಳಿಸಿಹಾಕಿಸಿದಳು.

ಮರುದಿನ ಹುಡುಗಿ ಕಣ್ಣು ಬಿಟ್ಟಳು. ದನಿ ಒಡೆದಿತ್ತು.

"ಅಕ್ಕಾ, ನನ್ ಜೀವ ಉಳೀತಾ?"

"ಉಳೀತು ಪುಟ್ಟಿ," ಎಂದಳು ಅಕ್ಕ. "ಇದ್ದಿದ್ದೊಂದು ನಿನ್ ಹತ್ರಾನೇ ಇದೆ."