ಮುಟ್ಟಿದರೆ ಮುನಿಯುವ ಪರದೆ

ಶಿರಸಿ ಪೇಟೆಯಲ್ಲಿ ಮೂವತ್ತೊಂದು ವರ್ಷ ನಾನು ಹೇಳಿಕೊಟ್ಟದ್ದು ಒಂದೇ ಪಾಠ: ಬೆರಳು ನೋಡಬೇಡಿ, ಕಾಗದ ನೋಡಿ. ಅಂಥವಳು ಈಗ ದಿನಕ್ಕೆ ಹತ್ತು ಸಲ ನನ್ನ ಬೆರಳನ್ನೇ ನೋಡಿಕೊಳ್ಳುತ್ತ ಕೂತಿರುತ್ತೇನೆ. ಹಳೆಯ ಶಿಷ್ಯರ ಕಣ್ಣಿಗೆ ಬೀಳದಿದ್ದರೆ ಸಾಕು.

ನಾನು ನಡೆಸುತ್ತಿದ್ದದ್ದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಮಹಡಿಯ ಮೇಲೆ ಒಂದು ಕೋಣೆ, ಹನ್ನೊಂದು ಯಂತ್ರ, ಬೆಳಿಗ್ಗೆ ಆರೂವರೆಗೆಲ್ಲ ಟಕಟಕ. ಕೆಳಗಿನ ಬಟ್ಟೆ ಅಂಗಡಿಯವರು, “ಅಕ್ಕೋರೆ, ನಿಮ್ಮಲ್ಲಿ ಆಲಿಕಲ್ಲು ಬೀಳಕ್ಕೆ ಶುರುವಾದ್ಮೇಲೇ ನಾನು ಬಾಗಿಲು ತೆಗೆಯೋದು” ಎನ್ನುತ್ತಿದ್ದರು. ಹೊಸಬರು ಕದ್ದು ನೋಡಬಾರದೆಂದು ಕೀಗಳ ಮೇಲೆ ರಟ್ಟಿನ ಹೊದಿಕೆ ಮಾಡಿ ಇಡುತ್ತಿದ್ದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಬೆರಳಿಗೇ ಕಣ್ಣು ಬರುತ್ತಿತ್ತು. ಕೀ ಒತ್ತಿದರೆ ಅದು ಮರಳಿ ಬೆರಳನ್ನು ಒತ್ತುತ್ತಿತ್ತು. ಕೊಟ್ಟದ್ದು ತಲುಪಿದೆ ಎಂದು ಕೂಡಲೇ ರಸೀದಿ ಕೊಟ್ಟ ಹಾಗೆ. ಬೆರಳಿಗೆ ಅದಕ್ಕಿಂತ ದೊಡ್ಡ ಸಮಾಧಾನ ಬೇರೆ ಇಲ್ಲ.

ಕಲಿಯುವವರೇ ಇಲ್ಲವಾಗಿ ಇನ್‌ಸ್ಟಿಟ್ಯೂಟ್ ಮುಚ್ಚಿದ ವಾರ ಇವರು ನನಗೊಂದು ಟ್ಯಾಬ್ಲೆಟ್ ತಂದುಕೊಟ್ಟರು. ಇವರೆಂದರೆ ನನ್ನ ಯಜಮಾನರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು; ಏನನ್ನೂ ಬಿಚ್ಚದೆ ನಂಬುವವರಲ್ಲ. “ಅಕ್ಷರ ದೊಡ್ಡ ಕಾಣ್ತು. ಒತ್ತ ಕೆಲ್ಸನೇ ಇಲ್ಲೆ, ಮುಟ್ಟಿರೆ ಸಾಕು” ಎಂದರು. ಯಲ್ಲಾಪುರದ ತಂಗಿಗೆ ಫೋನ್ ಮಾಡಿ, ಇವರು ಟ್ಯಾಬ್ಲೆಟ್ ತಂದರು ಎಂದೆ. “ಎಂತಕ್ಕೆ ಅಕ್ಕಾ, ಬಿಪಿ ಸುರುವಾತಾ?” ಎಂದು ಅವಳು ಗಾಬರಿಯಾದಳು.

ಮುಟ್ಟಿದರೆ ಸಾಕು ಎಂಬುದು ಕೇಳಲು ಸುಲಭ. ಆದರೆ ನಮ್ಮ ಭಾಷೆಯಲ್ಲಿ ಬೆರಳು ಮಾಡುವ ಕೆಲಸಕ್ಕೆ ಎಷ್ಟೊಂದು ಮಾತಿದೆ ನೋಡಿ: ಒತ್ತುವುದು, ಅದುಮುವುದು, ಸವರುವುದು, ತಡವುವುದು, ನೇವರಿಸುವುದು, ಚಿವುಟುವುದು, ಮೀಟುವುದು. ಒಂದೊಂದಕ್ಕೂ ಒಂದೊಂದು ತೂಕ. ವ್ಯಾಕರಣದವರು ಕಕಾರದಿಂದ ಮಕಾರದವರೆಗಿನ ಅಕ್ಷರಗಳನ್ನು ಸ್ಪರ್ಶಗಳು ಎಂದೇ ಕರೆದರು. ನಾಲಿಗೆಯೋ ತುಟಿಯೋ ಎಲ್ಲಾದರೂ ಗಟ್ಟಿಯಾಗಿ ತಾಗಿದರೆ ಮಾತ್ರ ಅವು ಹುಟ್ಟುತ್ತವೆ. ಈ ಗಾಜಿನ ಹಲಗೆಗೆ ಅಂಥ ಗಟ್ಟಿ ಸ್ಪರ್ಶವೇ ಆಗದು. ಜೋರಾಗಿ ಒತ್ತಿದರೆ ಬೇರೇನೋ ತೆರೆಯುತ್ತದೆ, ಮೆಲ್ಲಗೆ ಒತ್ತಿದರೆ ಸುಮ್ಮನಿರುತ್ತದೆ, ಒದ್ದೆ ಬೆರಳಿಗೆ ಹುಚ್ಚು ಹಿಡಿದಂತೆ ಕುಣಿಯುತ್ತದೆ. ಅಡುಗೆಮನೆಗೆ ತಂದ ಹೊಸ ವಿದ್ಯುತ್ ಒಲೆಯದೂ ಇದೇ ಗುಣ. ತಿರುಗಿಸಲು ಕಿವಿ ಇಲ್ಲ, ಬರೀ ಗಾಜು. ಸಾರು ಉಕ್ಕಿದಾಗ ಒರೆಸಲು ಹೋದರೆ ಬಟ್ಟೆಯನ್ನೇ ಬೆರಳೆಂದು ತಿಳಿದು ಉರಿ ಏರಿಸುತ್ತದೆ. ಗದ್ದೆ ಬದುವಿನ ಮುಟ್ಟಿದರೆ ಮುನಿ ಗಿಡವೇ ಎಷ್ಟೋ ವಾಸಿ. ಯಾರು ಮುಟ್ಟಿದರೂ ಅದು ಒಂದೇ ತರಹ ಮುನಿಯುತ್ತದೆ.

ನನ್ನ ಮೇಲೆ ಮಾತ್ರ ಅದರ ಮುನಿಸು ಹೆಚ್ಚಾಗುತ್ತ ಹೋಯಿತು. ಒಂದು ‘ಕ’ ಬೇಕಾದಲ್ಲಿ ಮೂರು ಬೀಳುತ್ತಿತ್ತು. ಪತ್ರಿಕೆ ಓದಲು ಹೋದರೆ ಕ್ಯಾಮೆರಾ ತೆರೆದುಕೊಂಡು, ಕೆಳಗಿನಿಂದ ಕಾಣುವ ನನ್ನದೇ ಗದ್ದವನ್ನು ನನಗೆ ತೋರಿಸುತ್ತಿತ್ತು. ತಂಗಿಯ ಅತ್ತೆ ಬಿದ್ದು ಸೊಂಟ ಮುರಿದುಕೊಂಡರೆಂದು ಸುದ್ದಿ ಬಂದ ದಿನ, ‘ಈಗ ಹೇಗಿದ್ದಾರೆ’ ಎಂದು ಕಳಿಸಲು ಹೋದೆ. ಹೋದದ್ದು ಚಪ್ಪಾಳೆ ತಟ್ಟುವ ಕೈಗಳ ಚಿತ್ರ. ಒಂದಲ್ಲ, ಏಳು. ಅಳಿಸಲು ಹೋಗಿ ಇನ್ನೆರಡು ಕಳಿಸಿದೆ. ಕೂಡಲೇ ಫೋನ್ ಮಾಡಿ, “ಟ್ಯಾಬ್ಲೆಟ್ಟೇ ಹಾಳಾಜು ಮಾರಾಯ್ತಿ” ಎಂದೆ. ಅವಳು ನಕ್ಕಳು. ನಾನು ನಗಲಿಲ್ಲ. ಬರೆಯುವಾಗ ಬೆರಳು ಪರದೆಯ ಮೇಲೆ ತಂತಿಯ ಹಾಗೆ ಮಿಡಿದದ್ದನ್ನು ನಾನು ಕಂಡಿದ್ದೆ.

ಆದರೂ ಟ್ಯಾಬ್ಲೆಟ್ಟಿನದೇ ತಪ್ಪು ಎಂದು ನಂಬಿಕೊಳ್ಳುವುದು ಹಿತವಾಗಿತ್ತು. ಅದನ್ನು ಚೀಲದಲ್ಲಿ ಹಾಕಿಕೊಂಡು ನಮ್ಮೂರು ಇಸಳೂರಿನಿಂದ ಬಸ್ಸು ಹತ್ತಿ ಪೇಟೆಯ ಮೊಬೈಲ್ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗಿ ಪರದೆಯ ಉದ್ದಗಲಕ್ಕೂ ಬೆರಳಾಡಿಸಿ ನೋಡಿದಳು. “ಇದ್ರಲ್ಲಿ ಏನೂ ಪ್ರಾಬ್ಲಮ್ ಇಲ್ಲ ಆಂಟಿ. ನೀವೊಂದ್ಸಲ ಬರೀರಿ, ನೋಡ್ತೇನೆ” ಎಂದಳು. ಬರೆದೆ. ಅವಳು ಮೊದಲು ಪರದೆ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು, ಆಮೇಲೆ ಗೋಡೆಯ ಕ್ಯಾಲೆಂಡರ್ ನೋಡಿದಳು.

“ಒಂದು ಸೆಟ್ಟಿಂಗ್ ಇದೆ ಆಂಟಿ. ಅದನ್ನು ಹಾಕಿದ್ರೆ ಎರಡೆರಡು ಸಲ ತಾಗಿದ್ರೂ ಅದು ಒಂದೇ ಅಂತ ತಿಳ್ಕೊಳ್ತದೆ. ನಮ್ಮ ಅಜ್ಜಿಗೂ ಹಾಕಿ ಕೊಟ್ಟಿದ್ದೇನೆ.”

ಒಳ್ಳೆಯ ಹುಡುಗಿ. ನಿಮಿಷಕ್ಕೆ ಎಷ್ಟು ಪದ ಎಂದು ಗಡಿಯಾರ ಹಿಡಿದು ಜನರನ್ನು ಅಳೆದವಳಿಗೆ ಅವಳು ಅಜ್ಜಿಯ ಸೆಟ್ಟಿಂಗ್ ಹಾಕಿಕೊಟ್ಟಳು. ನಾನು ಥ್ಯಾಂಕ್ಸ್ ಹೇಳಿ ಹೊರಗೆ ಬಂದವಳು ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಬಿಟ್ಟು ಕೂತೆ.

ನನ್ನ ಹೆದರಿಕೆಗೆ ಕಾರಣವಿತ್ತು. ಅಮ್ಮನ ಕೈ ನಡುಗುತ್ತಿತ್ತು. ಕೊನೆಕೊನೆಗೆ ತಂಬಳಿಯ ಲೋಟ ಬಾಯಿಗೆ ಹೋಗುವಷ್ಟರಲ್ಲಿ ಅರ್ಧ ಸೆರಗಿಗೆ. ಅದಕ್ಕೆ ಆಗ ಹೆಸರಿರಲಿಲ್ಲ, ವಯಸ್ಸಾಯಿತು ಎನ್ನುತ್ತಿದ್ದೆವು. ಈಗಿನ ಕಷ್ಟವೆಂದರೆ ಎಲ್ಲದಕ್ಕೂ ಹೆಸರಿದೆ. ಮುನಿಯುವ ಅದೇ ಟ್ಯಾಬ್ಲೆಟ್ಟಿನಲ್ಲಿ ‘ಕೈ ನಡುಕ’ ಎಂದು ಹುಡುಕಿದೆ. ಸರಿಯಾಗಿ ಬರೆಯಲು ನಾಲ್ಕು ಸಲ ಬೇಕಾಯಿತು, ಹೆದರಲು ಒಂದೇ ಸಲ ಸಾಕಾಯಿತು. ಪಾರ್ಕಿನ್ಸನ್ ಎಂಬ ಮಾತು ಮೊದಲ ಸಾಲಿನಲ್ಲೇ ಇತ್ತು.

ಆಮೇಲಿನ ಎರಡು ತಿಂಗಳು ನನ್ನ ಕಳ್ಳತನದ ದಿನಗಳು. ಚಹಾ ಲೋಟವನ್ನು ಚಳಿಯ ನೆಪ ಹೇಳಿ ಎರಡೂ ಕೈಯಲ್ಲಿ ಹಿಡಿಯುತ್ತಿದ್ದೆ. ಸೂಜಿಗೆ ದಾರ ಪೋಣಿಸುವುದಿದ್ದರೆ ಕನ್ನಡಕ ಸಿಗುತ್ತಿಲ್ಲ ಎನ್ನುತ್ತಿದ್ದೆ. ಸಿದ್ದಾಪುರದ ಒಂದು ಮದುವೆಯಲ್ಲಿ ಕುಂಕುಮ ಹಚ್ಚಲು ಕರೆದಾಗ, ಕಾಲು ನೋವೆಂದು ಕುರ್ಚಿ ಬಿಟ್ಟು ಏಳಲಿಲ್ಲ. ಸುಳ್ಳಿಗೂ ಒಂದು ವೇಗವಿರುತ್ತದೆ; ನನಗೆ ಒಳ್ಳೆಯ ಅಭ್ಯಾಸವಾಯಿತು.

ಒಂದು ಮಧ್ಯಾಹ್ನ ಇವರು ಚಹಾ ಮಾಡಿ ತಂದರು. ಲೋಟ ಹಿಡಿದವಳು ಒಳಗೆ ನೋಡಿದೆ. ಮುಕ್ಕಾಲು ಮಾತ್ರ ಇತ್ತು. ಅವರದು ತುಂಬಿತ್ತು. ನಿನ್ನೆಯೂ ಮುಕ್ಕಾಲೇ ಇತ್ತು ಎಂಬುದು ಆಗ ನೆನಪಾಯಿತು. ಮೊನ್ನೆಯೂ.

“ಯಂಗೆ ಎಂತಕ್ಕೆ ಕಡಿಮೆ?” ಎಂದು ಕೇಳಿದೆ.

ಇವರು ತಮ್ಮ ಲೋಟ ಕೆಳಗಿಟ್ಟರು. “ತುಳುಕ್ತಲೇ. ಅದಕ್ಕೆ” ಎಂದರು.

“ನಿಮಗೆ ಗೊತ್ತಿದ್ದಾ?”

“ಹೋದ ಚೌತಿಯಿಂದ ಗೊತ್ತಿದ್ದು. ನೀನು ಕರ್ಜಿಕಾಯಿ ಅಂಚು ಮಡಚಕಾದ್ರೆ ಆನು ನೋಡಿದ್ದಿ. ನೀನೇ ಹೇಳ್ತೆ ಹೇಳಿ ಸುಮ್ಮಂಗಿದ್ದಿ.”

ನಾನು ಎರಡು ತಿಂಗಳು ಮುಚ್ಚಿಟ್ಟದ್ದನ್ನು ಇವರು ನನಗಿಂತ ಮೊದಲಿನಿಂದ ಮುಚ್ಚಿಟ್ಟಿದ್ದರು. ಎಂಜಿನ್ ಸದ್ದು ಕೇಳಿಯೇ ಬಸ್ಸಿನ ರೋಗ ಹೇಳುತ್ತಿದ್ದವರು ನನ್ನ ಲೋಟದಲ್ಲಿ ಒಂದು ಬೆರಳು ಚಹಾ ಕಡಿಮೆ ಮಾಡಿ ಕಾಯುತ್ತಿದ್ದರು. ಅಳು ಬಂತು, ಸಿಟ್ಟೂ ಬಂತು. ಮರುದಿನವೇ ಆಸ್ಪತ್ರೆಗೆ ಹೊರಟೆವು.

ಹೊರಟದ್ದು ವಾರಕ್ಕೊಮ್ಮೆ ನರರೋಗದ ಡಾಕ್ಟರು ಬರುವ ಒಂದು ಆಸ್ಪತ್ರೆಗೆ. ಬಾಗಿಲಲ್ಲೇ ನನ್ನನ್ನು ಇಳಿಸಿ ಇವರು ಸ್ಕೂಟರ್ ನಿಲ್ಲಿಸಲು ಹೋದರು. ಒಳಗೆ ಕಾಲಿಟ್ಟರೆ ಮೊದಲು ಚೀಟಿ ಬರೆಯುವ ಹೆಂಗಸು ಕೂರುತ್ತಿದ್ದ ಜಾಗದಲ್ಲಿ ಆಳೆತ್ತರದ ಕಂಬ. ಕಂಬದ ಮೇಲೆ ಪರದೆ. ‘ನಿಮ್ಮ ವಿಭಾಗವನ್ನು ಮುಟ್ಟಿ.’ ಕೈ ನಡುಗುತ್ತದೆಂದು ತೋರಿಸಲು ಬಂದವಳು ಒಳಗೆ ಹೋಗಬೇಕಾದರೆ ಮೊದಲು ಕೈ ನಡುಗುವುದಿಲ್ಲವೆಂದು ತೋರಿಸಬೇಕು! ಹಿಂದೆ ಐದಾರು ಜನ ನಿಂತಿದ್ದರು. ಜನ ನೋಡುತ್ತಿದ್ದರೆ ನಡುಕ ಇಮ್ಮಡಿಯಾಗುತ್ತದೆ. ಉಸಿರು ಬಿಗಿಹಿಡಿದು ‘ನರರೋಗ’ ಮುಟ್ಟಿದೆ. ಕರ್ರೆಂದು ಚೀಟಿ ಬಂತು: ಮಕ್ಕಳ ವಿಭಾಗ, ಹದಿನಾಲ್ಕು.

ಇನ್ನೊಮ್ಮೆ ಮುಟ್ಟುವ ಧೈರ್ಯವಾಗಲಿಲ್ಲ. ಚೀಟಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಹೋಗಿ ಗೋಡೆಯ ಮೇಲೆ ಆನೆ, ಮೊಲ ಬರೆದಿದ್ದ ಕಡೆ ಕೂತೆ. ಪಕ್ಕದಲ್ಲಿದ್ದ ತಾಯಿಯೊಬ್ಬಳು ತೊಡೆಯ ಮೇಲಿನ ಕೂಸನ್ನು ತಟ್ಟುತ್ತ, “ನಿಮ್ಮ ಮಗು ಎಲ್ಲಿ ಅಮ್ಮಾ?” ಎಂದು ಕೇಳಿದಳು.

“ಸ್ಕೂಟರ್ ನಿಲ್ಲಿಸಕ್ಕೆ ಹೋಗಿದೆ, ಈಗ ಬರ್ತದೆ” ಎಂದುಬಿಟ್ಟೆ.

ಬಂತು. ಅರವತ್ತಾರು ವರ್ಷ, ಬಿಳಿ ಮೀಸೆ, ಕೈಯಲ್ಲಿ ಹೆಲ್ಮೆಟ್ಟು. ಆ ತಾಯಿ ನಗು ತಡೆಯಲಾರದೆ ಕೂಸಿನ ಟೊಪ್ಪಿಗೆಯಲ್ಲಿ ಮುಖ ಮುಚ್ಚಿಕೊಂಡಳು. ಹಲವು ವಾರಗಳ ಮೇಲೆ ನಾನೂ ನಕ್ಕೆ. ಕೊನೆಗೆ ನರ್ಸಮ್ಮ ಬಂದು ಚೀಟಿ ನೋಡಿ, ಕಿವಿಯ ಹಿಂದಿನ ಪೆನ್ನು ತೆಗೆದು ಒಂದು ಗೀಟು ಎಳೆದು, ಸರಿಯಾದ ವಿಭಾಗ ಬರೆದುಕೊಟ್ಟರು. ಮೂರು ಸೆಕೆಂಡಿನ ಕೆಲಸ.

ಡಾಕ್ಟರು ಹೆಣ್ಣುಮಗಳು. ನನ್ನ ಕೈಯನ್ನು ತೊಡೆಯ ಮೇಲೆ ಸುಮ್ಮನೆ ಇಡಲು ಹೇಳಿ ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಬಿಳಿ ಹಾಳೆ ಕೊಟ್ಟು, “ಒಂದು ಚಕ್ಕುಲಿ ಬರೀರಿ” ಎಂದರು. ಬರೆದೆ. ಸುತ್ತು ಸುತ್ತಿಗೂ ಗರಗಸದ ಹಲ್ಲು.

“ಚಕ್ಕುಲಿಗೆ ಮುಳ್ಳು ಇರ್ಲೇ ಬೇಕಲ್ರಾ ಡಾಕ್ಟ್ರೆ” ಎಂದರು ಇವರು. ಹೆಲ್ಮೆಟ್ಟನ್ನು ಮಾತ್ರ ಎದೆಗೆ ಅವುಚಿಕೊಂಡಿದ್ದರು.

ಡಾಕ್ಟರು ನಕ್ಕು, ಮನೆಯಲ್ಲಿ ಯಾರಿಗಾದರೂ ಹೀಗಿತ್ತೇ ಎಂದು ಕೇಳಿದರು. ಅಮ್ಮನ ಸುದ್ದಿಯನ್ನೂ ನನ್ನ ಹೆದರಿಕೆಯನ್ನೂ ಹೇಳಿದೆ. “ಕೈ ಸುಮ್ಮನಿದ್ದಾಗ ನಡುಕ ಇಲ್ಲ, ಕೆಲಸಕ್ಕೆ ಎತ್ತಿದಾಗ ಬರ್ತದೆ. ಇದು ಮನೆತನದಲ್ಲಿ ಬರುವ ನಡುಕ. ನೀವು ಹೆದರಿದ ಪಾರ್ಕಿನ್ಸನ್ ಅಲ್ಲ ಅಂತ ಕಾಣ್ತದೆ. ಕಾಫಿ, ಚಹಾ ಕಡಿಮೆ ಮಾಡಿ. ಆರು ತಿಂಗಳು ಬಿಟ್ಟು ಮತ್ತೆ ನೋಡುವ.”

ಕಾಣ್ತದೆ ಎಂದರೇ ಹೊರತು ಅಲ್ಲವೇ ಅಲ್ಲ ಎನ್ನಲಿಲ್ಲ. ಆರು ತಿಂಗಳು ಆ ‘ಕಾಣ್ತದೆ’ಯನ್ನು ಹೊತ್ತುಕೊಂಡಿರಬೇಕು. ಆದರೂ ಹೊರಗೆ ಬರುವಾಗ ಎದೆಯ ಮೇಲಿನ ಕಲ್ಲು ಅರ್ಧ ಇಳಿದಿತ್ತು. ನನ್ನ ಕೈಯನ್ನು ಎತ್ತಿ ನೋಡಿದೆ. ಅಮ್ಮನಿಂದ ಬಳೆಯೂ ಬರಲಿಲ್ಲ, ಸೀರೆಯೂ ಉಳಿಯಲಿಲ್ಲ, ಇದೊಂದು ಬಂದಿದೆ. ಅವಳ ಲೋಟವನ್ನು ನಾವು ಯಾರೂ ಮುಕ್ಕಾಲಿಗೆ ಇಳಿಸಲಿಲ್ಲವಲ್ಲ.

ಇವರು ಸ್ಕೂಟರ್ ತರಲು ಹೋದರು. ನಾನು ಬಾಗಿಲ ಹತ್ತಿರ ನಿಂತೆ. ಪರದೆಯ ಮುಂದೆ ಗುಡ್ನಾಪುರದ ಕಡೆಯ ಹೆಂಗಸೊಬ್ಬರು, ನನಗಿಂತ ಹತ್ತು ವರ್ಷ ಹಿರಿಯರು, ತೋರುಬೆರಳಿನಿಂದ ಬಾಗಿಲು ಬಡಿದ ಹಾಗೆ ಗಾಜನ್ನು ಕುಟ್ಟುತ್ತಿದ್ದರು. ಪರದೆ ಮಿಸುಕಲಿಲ್ಲ.

“ತಂಗೀ, ಇದನ್ನೊಂಚೂರು ಒತ್ತಿ ಕೊಡ್ರಿ. ನನ್ನ ಬೆರಳಿಗೆ ಇದು ಕಿಮ್ಮತ್ತ ಕೊಡವಲ್ದು” ಎಂದರು. ಶುಂಠಿ ಕಿತ್ತು, ಕಳೆ ತೆಗೆದು, ಅವರ ಬೆರಳ ತುದಿ ಒಣಗಿ ಕೊರಡಾಗಿತ್ತು. ಗಾಜಿನ ಲೆಕ್ಕದಲ್ಲಿ ಅದು ಬೆರಳೇ ಅಲ್ಲ. “ಮೊಣಕಾಲಿಗೆ ತೋರಸ್ಬೇಕ್ರಿ. ಬಂದು ತಾಸಾತು.”

ಎರಡು ತಿಂಗಳು ಮುಚ್ಚಿಟ್ಟಿದ್ದ ಮಾತು ಗುರುತಿಲ್ಲದವರ ಮುಂದೆ ಸಲೀಸಾಗಿ ಬಂತು. “ನನ್ನ ಕೈ ನಡುಗ್ತದೆ ಅಕ್ಕಾ. ನಾನು ಒತ್ತಿದರೆ ನಿಮ್ಮನ್ನ ಮಕ್ಕಳ ಡಾಕ್ಟ್ರ ಹತ್ರ ಕಳಿಸ್ತದೆ.”

“ನಡಗಿದ್ರ ಏನಾತು? ಹಿಡ್ಕೊಂಡ್ರ ಆತಲ್ರಿ” ಎಂದವರೇ ನನ್ನ ಮಣಿಕಟ್ಟನ್ನು ಹಿಡಿದರು. ಹಾಲು ಕರೆಯುವಾಗ ತುಂಟ ಕರುವನ್ನು ಹಿಡಿಯುವ ಹಿಡಿತ. ನಡುಕ ನಿಂತೇಹೋಯಿತು. ನನ್ನ ಬೆರಳು ನೆಟ್ಟಗೆ ಹೋಗಿ ‘ಮೂಳೆ ವಿಭಾಗ’ವನ್ನು ಮುಟ್ಟಿತು. ಚೀಟಿ ಬಂತು.

ಅವರು ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು, ಕೈ ಮಾತ್ರ ಬಿಡಲಿಲ್ಲ. “ಹಿಂದ ಮಂದಿ ನಿಂತಾರ. ಅವರದೂ ತಗದು ಕೊಟ್ಟ ಹೋಗೂಣು” ಎಂದರು. ಮೊಣಕಾಲು ನೋವನ್ನೂ ಮರೆತು ಅವರು ಹಿಡಿದು ನಿಂತರು, ನಾನು ಮುಟ್ಟುತ್ತ ಹೋದೆ. ಕಣ್ಣಿಗೊಂದು, ಕಿವಿಗೊಂದು, ಹೊಟ್ಟೆಗೆರಡು. ಒಬ್ಬರೂ ತಪ್ಪು ಬಾಗಿಲಿಗೆ ಹೋಗಲಿಲ್ಲ.

ಐದನೆಯವರು ಇಸ್ತ್ರಿ ಮಾಡಿದ ಅಂಗಿಯ, ಆಫೀಸು ಚೀಲದ ಮನುಷ್ಯ. “ನಂಗೆ ಒತ್ತಕ್ಕೆ ಬರ್ತದೆ” ಎಂದರು, ಸ್ವಲ್ಪ ಗತ್ತಿನಲ್ಲೇ.

“ಬಂದ್ರ ಬರ್ಲಿ ಬಿಡ್ರಿ” ಎಂದರು ಗುಡ್ನಾಪುರದವರು, ನನ್ನ ಮಣಿಕಟ್ಟನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು. “ಯಾವ ಬ್ಯಾನಿಗೆ, ಅದನ್ನ ಹೇಳ್ರಿ.”